ಸರ್ವರ್‌ಗೂ ಬೇಕು ಒಬ್ಬ ನೀರುಗಂಟಿ

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’

ಒಂದು ಕಾಲದಲ್ಲಿ ಸರ್ಕಾರಿ ಕಚೇರಿಗಳಿಗೆ ಹೋದವರು ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಮಾತು ಕೇಳಿ ಹಿಂದಿರುಗುತ್ತಿದ್ದರು. ಈಗ ಆ ಸ್ಥಾನವನ್ನು ಮೇಲಿನ ವಾಕ್ಯ ಆಕ್ರಮಿಸಿಕೊಂಡಿದೆ. ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಸಾಹೇಬರಿಗೆ ಹೆಸರಿತ್ತು, ಹುದ್ದೆಯಿತ್ತು, ಅವರ ಮೇಲೊಬ್ಬ ಅಧಿಕಾರಿಯಿದ್ದರು. ಅವರಿಗಾಗಿ ಕಾಯಬಹುದಿತ್ತು, ಅವರೊಡನೆ ಜಗಳವಾಡಬಹುದಿತ್ತು, ಅವರ ಮೇಲೆ ದೂರು ಬರೆಯಬಹುದಿತ್ತು. ಸರ್ವರ್‌ಗೆ ಮುಖವೇ ಇಲ್ಲ. ಅದು ಎಲ್ಲೋ ದೂರದಲ್ಲಿದೆ, ತೋಚಿದಾಗ ಮಲಗುತ್ತದೆ, ತೋಚಿದಾಗ ಏಳುತ್ತದೆ ಎಂಬ ಭಾವನೆ ಕೌಂಟರಿನ ಒಳಗಿರುವವರಲ್ಲೂ ಹೊರಗಿರುವವರಲ್ಲೂ ಸಮಾನವಾಗಿ ಬೇರೂರಿದೆ. ಮಳೆ ಬಾರದಿದ್ದರೆ ದೈವೇಚ್ಛೆ ಎಂದು ಸುಮ್ಮನಾಗುವಂತೆ ಸರ್ವರ್ ಬಾರದಿದ್ದರೂ ನಾವು ಸುಮ್ಮನಾಗುತ್ತೇವೆ.

ಇದು ದೈವೇಚ್ಛೆಯಲ್ಲ. ಡೇಟಾಬೇಸ್ ಸರ್ವರ್‌ಗಳು ಹಠಾತ್ತನೆ ಕುಸಿಯುವುದು ಅಪರೂಪ. ಬಹುಪಾಲು ಸಂದರ್ಭಗಳಲ್ಲಿ ಅವು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮುನ್ಸೂಚನೆ ಕೊಟ್ಟ ನಂತರವೇ ಕುಸಿಯುತ್ತವೆ. ಆ ಮುನ್ಸೂಚನೆಯನ್ನು ಓದುವವರು ಯಾರು, ಓದಿದ ಮೇಲೆ ಏನು ಮಾಡುತ್ತಾರೆ, ಮಾಡದಿದ್ದರೆ ಯಾರು ಉತ್ತರ ಕೊಡಬೇಕು ಎಂಬ ಪ್ರಶ್ನೆಗಳು ಮೇಲ್ನೋಟಕ್ಕೆ ತಾಂತ್ರಿಕವೆನಿಸಿದರೂ ಮೂಲತಃ ಆಡಳಿತಕ್ಕೆ ಸಂಬಂಧಿಸಿದವು.

ಕಾಗದದ ಬಾಗಿಲು ಮುಚ್ಚಿದ ಮೇಲೆ

ಕರ್ನಾಟಕವು ಈ ಕ್ಷೇತ್ರದಲ್ಲಿ ಹಿಂದುಳಿದ ರಾಜ್ಯವಲ್ಲ. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ ದೇಶಕ್ಕೇ ಮಾದರಿಯಾಯಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಾಗಿ ವಾರಗಟ್ಟಲೆ ಅಲೆಯುತ್ತಿದ್ದ ರೈತ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪ್ರತಿ ಪಡೆಯುವಂತಾದದ್ದು ಸಣ್ಣ ಸಾಧನೆಯಲ್ಲ. ಆ ಬದಲಾವಣೆಯನ್ನು ಆಡಳಿತದ ಒಳಗಿನಿಂದ ಕಂಡವರಲ್ಲಿ ನಾನೂ ಒಬ್ಬ.

ಆದರೆ ಆ ಸಾಧನೆಯೊಳಗೇ ಒಂದು ಹೊಣೆ ಅಡಗಿತ್ತು. ಗಣಕೀಕರಣ ಪೂರ್ಣಗೊಂಡ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಒಂದೊಂದಾಗಿ ಅಧಿಸೂಚನೆ ಹೊರಡಿಸಲಾಯಿತು. ಎರಡು ಬಗೆಯ ದಾಖಲೆಗಳು ಜೊತೆಯಲ್ಲಿದ್ದರೆ ವಂಚನೆಗೆ ದಾರಿಯಾಗುತ್ತಿತ್ತಾದ್ದರಿಂದ ಅದು ಸರಿಯಾದ ನಿರ್ಧಾರವೇ ಆಗಿತ್ತು. ಆದರೆ ಅದರೊಂದಿಗೆ ಕಾಗದದ ಬಾಗಿಲು ಶಾಶ್ವತವಾಗಿ ಮುಚ್ಚಿತು. ಅನಂತರ ಖಜಾನೆ, ಆಸ್ತಿ ನೋಂದಣಿ, ಪಡಿತರ, ಪಿಂಚಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಅದೇ ದಾರಿ ಹಿಡಿದವು. ಇಂದು ಸಾಲಕ್ಕೆ ಅರ್ಜಿ ಹಾಕುವ ರೈತನಿಗಾಗಲಿ, ಕಾಲೇಜು ಸೇರಬೇಕಾದ ವಿದ್ಯಾರ್ಥಿಗಾಗಲಿ, ಅಕ್ಕಿಗಾಗಿ ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಕೂಲಿ ಹೆಣ್ಣುಮಗಳಿಗಾಗಲಿ ಎರಡನೆಯ ಬಾಗಿಲಿಲ್ಲ. ಪರ್ಯಾಯವನ್ನು ತೆಗೆದುಹಾಕಿದ ಪ್ರಭುತ್ವಕ್ಕೆ ಉಳಿದಿರುವ ಒಂದೇ ಬಾಗಿಲನ್ನು ತೆರೆದಿಡುವ ಹೊಣೆ ದುಪ್ಪಟ್ಟಾಗುತ್ತದೆ.

ಇದರ ವೆಚ್ಚದ ಲೆಕ್ಕವನ್ನೂ ನೋಡೋಣ. ಇದು ಸಮೀಕ್ಷೆಯ ಅಂಕಿಯಲ್ಲ, ಅರ್ಥವಾಗಲೆಂದು ಹಾಕಿದ ಅಂದಾಜು. ಒಂದು ತಾಲ್ಲೂಕಿನಲ್ಲಿ ಒಂದು ದಿನ ಸರ್ವರ್ ಇಲ್ಲದೆ 100 ಮಂದಿ ಹಿಂದಿರುಗಿದರು, ಪ್ರತಿಯೊಬ್ಬರಿಗೂ 500 ರೂಪಾಯಿ ಕೂಲಿ ಮತ್ತು 100 ರೂಪಾಯಿ ಓಡಾಟದ ಖರ್ಚು ನಷ್ಟವಾಯಿತು ಎಂದಿಟ್ಟುಕೊಳ್ಳಿ. ಒಟ್ಟು 60 ಸಾವಿರ ರೂಪಾಯಿ. ಈ ಮೊತ್ತ ಯಾವ ಇಲಾಖೆಯ ಆಯವ್ಯಯದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. ಕಾರ್ಖಾನೆಯ ಹೊಗೆಯ ವೆಚ್ಚವನ್ನು ನೆರೆಹೊರೆಯವರು ಭರಿಸುವಂತೆ ಸರ್ವರಿನ ನಿದ್ದೆಯ ವೆಚ್ಚವನ್ನು ಸರತಿಯಲ್ಲಿ ನಿಂತವರು ಭರಿಸುತ್ತಾರೆ. ತನ್ನ ಲೆಕ್ಕಪುಸ್ತಕಕ್ಕೆ ಬಾರದ ವೆಚ್ಚವನ್ನು ತಗ್ಗಿಸಲು ಯಾವ ಸಂಸ್ಥೆಯೂ ತಾನಾಗಿ ಮುಂದಾಗುವುದಿಲ್ಲ.

ಏಜೆಂಟ್ ಎಂದರೆ ಯಾರು?

ಈ ರೋಗಕ್ಕೆ ಗಣಕ ಜಗತ್ತು ಬಹಳ ಹಿಂದೆಯೇ ಕಂಡುಕೊಂಡ ಮದ್ದಿನ ಹೆಸರು ‘ಏಜೆಂಟ್’. ಈ ಪದ ಕೇಳಿದೊಡನೆ ನಮ್ಮ ಓದುಗರಿಗೆ ಉಪನೋಂದಣಾಧಿಕಾರಿಗಳ ಕಚೇರಿಯ ಹೊರಗೆ ಮೇಜು ಹಾಕಿ ಕುಳಿತ ಮಧ್ಯವರ್ತಿಯ ನೆನಪಾದರೆ ಆಶ್ಚರ್ಯವಿಲ್ಲ. ನಾನು ಹೇಳುತ್ತಿರುವುದು ಬೇರೆ ಏಜೆಂಟನ ವಿಷಯ. ಇದು ಡೇಟಾಬೇಸ್ ಇರುವ ಯಂತ್ರದಲ್ಲಿಯೇ ಅಳವಡಿಸುವ ಒಂದು ಪುಟ್ಟ ತಂತ್ರಾಂಶ. ಹದಿನೈದು ಸೆಕೆಂಡಿಗೋ ನಿಮಿಷಕ್ಕೋ ಒಮ್ಮೆ ಅದು ಕೆಲವು ಅಳತೆಗಳನ್ನು ತೆಗೆದು ಬೇರೊಂದು ಕೇಂದ್ರ ಯಂತ್ರಕ್ಕೆ ಒಪ್ಪಿಸುತ್ತದೆ. ಡಿಸ್ಕಿನಲ್ಲಿ ಉಳಿದ ಜಾಗವೆಷ್ಟು, ಸ್ಮೃತಿ ಎಷ್ಟು ಬಳಕೆಯಾಗಿದೆ, ಏಕಕಾಲದಲ್ಲಿ ಎಷ್ಟು ಸಂಪರ್ಕಗಳು ತೆರೆದಿವೆ, ಒಂದು ವ್ಯವಹಾರ ಇನ್ನೊಂದಕ್ಕಾಗಿ ಎಷ್ಟು ಹೊತ್ತು ಕಾಯುತ್ತಿದೆ, ಮುಖ್ಯ ಸರ್ವರ್‌ಗಿಂತ ಪ್ರತಿಕೃತಿ ಸರ್ವರ್ ಎಷ್ಟು ಹಿಂದೆ ಬಿದ್ದಿದೆ, ಕೊನೆಯ ಬ್ಯಾಕಪ್ ಯಾವಾಗ ಯಶಸ್ವಿಯಾಯಿತು ಎಂಬುವು ಆ ಅಳತೆಗಳು. ಯಾವುದಾದರೂ ಅಳತೆ ಗೊತ್ತುಪಡಿಸಿದ ಗೆರೆ ದಾಟಿದರೆ ಕೇಂದ್ರ ಯಂತ್ರ ಸಂಬಂಧಪಟ್ಟವರಿಗೆ ಎಚ್ಚರಿಕೆ ಕಳುಹಿಸುತ್ತದೆ.

ನಮ್ಮ ಬಯಲುಸೀಮೆಯ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಇದು ಹೊಸ ವಿಚಾರವಲ್ಲ. ಕೆರೆಯ ನೀರಿನ ಮಟ್ಟ ನೋಡುವುದು, ತೂಬು ತೆರೆದು ಮುಚ್ಚುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯೇ ಎಂದು ಪರಿಶೀಲಿಸುವುದು, ಅಪಾಯ ಕಂಡರೆ ಊರನ್ನು ಎಬ್ಬಿಸುವುದು ಅವನ ಕೆಲಸ. ಕೆರೆ ಅವನದಲ್ಲ, ನೀರೂ ಅವನದಲ್ಲ. ಆದರೆ ಅವನಿಲ್ಲದ ಕೆರೆಯ ಏರಿ ಒಡೆದದ್ದು ಬೆಳಗಾದ ಮೇಲೆಯೇ ಊರಿಗೆ ತಿಳಿಯುತ್ತದೆ.

ಈ ತಂತ್ರಾಂಶಗಳು ದುಬಾರಿಯೂ ಅಲ್ಲ, ಹೊಸವೂ ಅಲ್ಲ. ನಾಗಿಯೋಸ್ 1999ರಿಂದ ಬಳಕೆಯಲ್ಲಿದೆ. ಲಾಟ್ವಿಯಾದ ಅಲೆಕ್ಸೆಯ್ ವ್ಲಾದಿಶೆವ್ ರೂಪಿಸಿದ ಜಾಬಿಕ್ಸ್ 2001ರಲ್ಲಿ ಸಾರ್ವಜನಿಕವಾಯಿತು. ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ 2012ರಲ್ಲಿ ಹುಟ್ಟಿದ ಪ್ರೊಮೀಥಿಯಸ್ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಇವೆಲ್ಲವೂ ಮುಕ್ತ ತಂತ್ರಾಂಶಗಳು, ಪರವಾನಗಿ ಶುಲ್ಕವಿಲ್ಲ. ಆದ್ದರಿಂದ ‘ಹಣವಿಲ್ಲ’ ಎಂಬ ಉತ್ತರ ಇಲ್ಲಿ ಸಲ್ಲದು. ಇಲ್ಲಿ ಬೇಕಾಗಿರುವುದು ಅಳವಡಿಸುವ ಶಿಸ್ತು ಮತ್ತು ಬಂದ ಎಚ್ಚರಿಕೆಯನ್ನು ಓದುವ ಮನುಷ್ಯ.

ನಮ್ಮ ದತ್ತಾಂಶ ಕೇಂದ್ರಗಳಲ್ಲಿ ಇಂತಹ ಕಣ್ಗಾವಲು ಇಲ್ಲವೇ ಇಲ್ಲ ಎಂದು ಹೇಳುವುದು ಅನ್ಯಾಯವಾದೀತು. ಅಲ್ಲಿ ದುಡಿಯುವ ಎಂಜಿನಿಯರುಗಳ ಪರಿಶ್ರಮವನ್ನು ನಾನು ಬಲ್ಲೆ. ನನ್ನ ಪ್ರಶ್ನೆ ಅದನ್ನು ಹೇಗೆ ಅಳವಡಿಸುತ್ತೇವೆ ಎಂಬುದು. ಏಜೆಂಟನ್ನು ಸ್ಥಾಪಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಯಾವ ಅಧಿಕಾರ ಕೊಡಬೇಕು, ಯಾವ ಗೆರೆ ಹಾಕಬೇಕು, ಅದರ ಕೂಗು ಯಾರ ಕಿವಿಗೆ ಬೀಳಬೇಕು ಎಂಬುದನ್ನು ನಿರ್ಧರಿಸುವುದೇ ನಿಜವಾದ ಕೆಲಸ.

ಗೆರೆ ಎಲ್ಲಿ ಹಾಕಬೇಕು?

ಡಿಸ್ಕಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಡೇಟಾಬೇಸ್‌ಗಳು ನಿಲ್ಲುವುದಕ್ಕೆ ಅತ್ಯಂತ ಸಾಮಾನ್ಯವೂ ಅತ್ಯಂತ ನಾಚಿಕೆಗೇಡಿನದೂ ಆದ ಕಾರಣ ಡಿಸ್ಕ್ ಭರ್ತಿಯಾಗುವುದು. ದಿನದ ವ್ಯವಹಾರಗಳ ದಾಖಲೆಯನ್ನು ಬರೆದಿಡಲು ಜಾಗ ಸಿಗದಾದಾಗ ಒರಾಕಲ್ ಆಗಲಿ ಪೋಸ್ಟ್‌ಗ್ರೆಸ್ ಆಗಲಿ ಮುಂದುವರಿಯಲಾರದೆ ನಿಂತುಬಿಡುತ್ತವೆ. ಸಾಮಾನ್ಯವಾಗಿ ಶೇ 80ರಷ್ಟು ತುಂಬಿದಾಗ ಎಚ್ಚರಿಸು ಎಂದು ಗೆರೆ ಹಾಕಿರುತ್ತಾರೆ. 1,000 ಗಿಗಾಬೈಟ್ ಡಿಸ್ಕ್ ದಿನಕ್ಕೆ 5 ಗಿಗಾಬೈಟ್‌ನಂತೆ ತುಂಬುತ್ತಿದ್ದರೆ ಶೇ 80ರ ಎಚ್ಚರಿಕೆ ಬಂದಾಗ ಉಳಿದಿರುವುದು 200 ಗಿಗಾಬೈಟ್, ಅಂದರೆ 40 ದಿನ. ಖಾಸಗಿ ಕಂಪನಿಗೆ 40 ದಿನ ಧಾರಾಳವಾಯಿತು. ಸರ್ಕಾರದಲ್ಲಿ ಪ್ರಸ್ತಾವನೆ, ಆರ್ಥಿಕ ಇಲಾಖೆಯ ಸಹಮತಿ, ಟೆಂಡರ್, ಸರಬರಾಜು ಎಲ್ಲ ಸೇರಿ 90 ದಿನ ಬೇಕಾದರೆ? ಆಗ ಗಂಟೆ ಬಾರಿಸಬೇಕಾದದ್ದು ಶೇ 80ಕ್ಕಲ್ಲ, 450 ಗಿಗಾಬೈಟ್ ಇನ್ನೂ ಖಾಲಿ ಇರುವಾಗ, ಅಂದರೆ ಶೇ 55ಕ್ಕೆ.

ಇದು ಸಾಮಾನ್ಯ ಜ್ಞಾನದ ಲೆಕ್ಕ. ಆದರೆ ಈ ಲೆಕ್ಕವನ್ನು ಎಂಜಿನಿಯರ್ ಒಬ್ಬನೇ ಹಾಕಲಾರ. ಕಡತ ಎಷ್ಟು ದಿನ ಎಲ್ಲಿ ನಿಲ್ಲುತ್ತದೆ ಎಂಬುದು ಅವನಿಗೆ ತಿಳಿಯದು. ಅದನ್ನು ಬಲ್ಲ ಅಧಿಕಾರಿ ಡಿಸ್ಕಿನ ವಿಷಯ ತನ್ನದಲ್ಲವೆಂದು ಕೈತೊಳೆದುಕೊಂಡಿರುತ್ತಾನೆ. ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಗೆರೆ ಹಾಕಿದಾಗ ಮಾತ್ರ ಕಣ್ಗಾವಲಿಗೆ ಅರ್ಥ ಬರುತ್ತದೆ.

ಗೆರೆಯನ್ನು ಅತಿ ಕೆಳಗೆ ಹಾಕುವುದೂ ತಪ್ಪೇ. ದಿನಕ್ಕೆ 300 ಎಚ್ಚರಿಕೆಗಳು ಬರುವ ಕಡೆ ಮೂರನೆಯ ದಿನದಿಂದ ಯಾರೂ ಓದುವುದಿಲ್ಲ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಯಂತ್ರಗಳಿಗೂ ಅನ್ವಯಿಸುತ್ತದೆ. ಎಚ್ಚರಿಕೆ ಬಂದರೆ ಯಾರಾದರೂ ಎದ್ದು ಒಂದು ಕೆಲಸ ಮಾಡಬೇಕಾಗುತ್ತದೆ ಎಂಬಂತಹ ಸಂಗತಿಗಳಿಗೆ ಮಾತ್ರ ಗಂಟೆ ಕಟ್ಟಬೇಕು. ಉಳಿದವು ವಾರದ ವರದಿಯಲ್ಲಿರಲಿ.

ಕೂಗು ಯಾರಿಗೆ ಕೇಳಿಸಬೇಕು?

ನಾನು ಸೇವೆಯಲ್ಲಿದ್ದಾಗ ಒಂದು ಕಚೇರಿಯಲ್ಲಿ ನಡೆದ ಸಂಗತಿ ಇಂದಿಗೂ ನನ್ನನ್ನು ಕಾಡುತ್ತದೆ. ಅಲ್ಲಿ ಪ್ರತಿ ರಾತ್ರಿ ಬ್ಯಾಕಪ್ ನಡೆಯುವ ವ್ಯವಸ್ಥೆಯಿತ್ತು. ವಿಫಲವಾದರೆ ಇ-ಮೇಲ್ ಹೋಗುವ ವ್ಯವಸ್ಥೆಯೂ ಇತ್ತು. ಒಂದು ದಿನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ತೆಗೆದು ನೋಡಿದರೆ ಕೊನೆಯ ಸರಿಯಾದ ಪ್ರತಿ ನಾಲ್ಕು ತಿಂಗಳ ಹಿಂದಿನದು. ವಿಫಲತೆಯ ಇ-ಮೇಲ್‌ಗಳು ತಪ್ಪದೇ ಹೋಗಿದ್ದವು, ಆದರೆ ಅವು ಹೋದದ್ದು ಆರು ತಿಂಗಳ ಹಿಂದೆ ವರ್ಗಾವಣೆಯಾಗಿದ್ದ ಅಧಿಕಾರಿಯ ಖಾತೆಗೆ. ನಾಲ್ಕು ತಿಂಗಳ ದಾಖಲೆಗಳನ್ನು ಕಾಗದ ನೋಡಿ ಮತ್ತೆ ನಮೂದಿಸಬೇಕಾಯಿತು. ಆಗ ಕಾಗದವಾದರೂ ಇತ್ತು. ಆ ಕಚೇರಿಯ ಮೇಲ್ವಿಚಾರಣೆಯ ಸರಪಳಿಯಲ್ಲಿ ನಾನೂ ಒಂದು ಕೊಂಡಿಯಾಗಿದ್ದೆ. ಬ್ಯಾಕಪ್ ಇದೆಯೇ ಎಂದು ಕೇಳಿದ್ದೆನೇ ಹೊರತು, ಅದನ್ನು ಒಮ್ಮೆ ತೆರೆದು ತೋರಿಸಿ ಎಂದು ಕೇಳಿರಲಿಲ್ಲ.

ಇದು ಸರ್ಕಾರಿ ಕಚೇರಿಗಳಿಗೆ ಮಾತ್ರ ಸೀಮಿತವಾದ ದೋಷವೆಂದು ಭಾವಿಸಬೇಕಾಗಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ತಂತ್ರಾಂಶ ಸಂಸ್ಥೆಯ ಸಿಬ್ಬಂದಿಯೊಬ್ಬರು ಪ್ರತಿಕೃತಿ ಸರ್ವರಿನ ತೊಂದರೆ ಸರಿಪಡಿಸುತ್ತಿದ್ದಾಗ ಕೈತಪ್ಪಿ ಮುಖ್ಯ ಡೇಟಾಬೇಸ್‌ನ ಸುಮಾರು 300 ಗಿಗಾಬೈಟ್ ದತ್ತಾಂಶವನ್ನು ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ಬ್ಯಾಕಪ್ ತೆಗೆಯುವ ಸಾಧನದ ಆವೃತ್ತಿಗೂ ಡೇಟಾಬೇಸ್‌ನ ಆವೃತ್ತಿಗೂ ಹೊಂದಾಣಿಕೆಯಿಲ್ಲದೆ ಅದು ವಿಫಲವಾಗುತ್ತಲೇ ಬಂದಿತ್ತು. ವಿಫಲತೆಯ ಇ-ಮೇಲ್‌ಗಳನ್ನು ದೃಢೀಕರಣದ ಕೊರತೆಯಿಂದಾಗಿ ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟ ಪ್ರತಿಯೊಂದು ಅವರನ್ನು ಉಳಿಸಿತು. ಆ ಸಂಸ್ಥೆಯ ಹಿರಿಮೆಯೆಂದರೆ ನಡೆದದ್ದನ್ನು ಮುಚ್ಚಿಡದೆ ಕಾರಣಗಳ ಸಮೇತ ಜಗತ್ತಿನ ಮುಂದಿಟ್ಟದ್ದು. ನಮ್ಮಲ್ಲಿ ಇಂತಹದು ನಡೆದರೆ ಕಡತದ ಮೇಲೆ ‘ಗೋಪ್ಯ’ ಎಂದು ಬೀಳುತ್ತದೆ.

ಪಾಠ ಎರಡು. ಎಚ್ಚರಿಕೆ ಹುದ್ದೆಗೆ ಹೋಗಬೇಕು, ವ್ಯಕ್ತಿಗಲ್ಲ. ವರ್ಗಾವಣೆಯಾದ ದಿನವೇ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈ, ನಗದು ಪುಸ್ತಕಗಳ ಜೊತೆಗೆ ಎಚ್ಚರಿಕೆಯ ವಿಳಾಸವೂ ಇರಬೇಕು. ಎರಡನೆಯದಾಗಿ, ಎಚ್ಚರಿಕೆ ಬಾರದಿರುವುದೇ ಕ್ಷೇಮದ ಲಕ್ಷಣವೆಂದು ತಿಳಿಯಬಾರದು. ಏಜೆಂಟ್ ಮೌನವಾದರೆ ಆ ಮೌನವೇ ಒಂದು ಎಚ್ಚರಿಕೆಯಾಗಬೇಕು. ಏರಿಯ ಮೇಲಿನ ಲಾಂದ್ರ ಕಾಣದಿದ್ದರೆ ನೀರುಗಂಟಿಗೆ ಏನಾಯಿತೆಂದು ಹೋಗಿ ನೋಡುವುದು ಊರಿನವರ ಕರ್ತವ್ಯ.

ಕಾವಲುಗಾರನಿಂದಲೇ ಅಪಾಯ

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅಪೂರ್ಣವಾಗುತ್ತದೆ. ಏಜೆಂಟ್‌ಗಳಿಂದಲೇ ಅನಾಹುತವಾದ ಉದಾಹರಣೆಗಳಿವೆ. 2012ರ ಅಕ್ಟೋಬರ್ 22ರಂದು ಅಮೆಜಾನ್ ಸಂಸ್ಥೆಯ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ ಸೇವೆ ಅಸ್ತವ್ಯಸ್ತಗೊಂಡಿತು. ಅಲ್ಲಿನ ಶೇಖರಣಾ ಸರ್ವರ್‌ಗಳಲ್ಲಿದ್ದ ಮಾಹಿತಿ ಸಂಗ್ರಹಿಸುವ ಏಜೆಂಟ್, ಬದಲಾಯಿಸಲ್ಪಟ್ಟ ಕೇಂದ್ರ ಯಂತ್ರದ ಹೊಸ ವಿಳಾಸ ಸಿಗದೆ ಹಳೆಯ ವಿಳಾಸವನ್ನೇ ಮತ್ತೆ ಮತ್ತೆ ತಟ್ಟುತ್ತಾ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಸ್ಮೃತಿಯನ್ನು ನುಂಗಿತು. ಕೊನೆಗೆ ಸರ್ವರ್‌ಗಳಿಗೇ ಸ್ಮೃತಿ ಉಳಿಯಲಿಲ್ಲ. ಕಾಯಲು ಬಂದವನು ಕಣಜ ಬರಿದುಮಾಡಿದಂತಾಯಿತು.

2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣ ಇನ್ನೂ ಗಂಭೀರವಾದದ್ದು. ಆ ಸಂಸ್ಥೆಯ ‘ಒರಾಯನ್’ ಎಂಬ ಕಣ್ಗಾವಲು ತಂತ್ರಾಂಶದೊಳಗೇ ನುಸುಳುಕೋರರು ತಮ್ಮ ಸಂಕೇತವನ್ನು ಸೇರಿಸಿದ್ದರು. ಕಲಬೆರಕೆಯಾದ ಆ ಆವೃತ್ತಿಯನ್ನು ಸುಮಾರು 18,000 ಗ್ರಾಹಕರು ಇಳಿಸಿಕೊಂಡಿದ್ದರು. ಅಮೆರಿಕದ ಖಜಾನೆ ಮತ್ತು ವಾಣಿಜ್ಯ ಇಲಾಖೆಗಳೂ ದಾಳಿಗೆ ತುತ್ತಾದವು. ಎಲ್ಲ ಕೋಣೆಗಳ ಬೀಗದ ಕೈಗಳನ್ನು ಕಾವಲುಗಾರನ ಸೊಂಟಕ್ಕೆ ಕಟ್ಟಿದರೆ ಕಳ್ಳನಿಗೆ ಒಬ್ಬನನ್ನು ಹಿಡಿದರೆ ಸಾಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ಏಜೆಂಟಿಗೆ ಬಂದ ಒಂದು ದೋಷಪೂರಿತ ಪರಿಷ್ಕರಣೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳನ್ನು ಕೆಡವಿದ್ದನ್ನು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಗಿ ಬಂದದ್ದನ್ನು ಓದುಗರು ಮರೆತಿರಲಾರರು.

ಹಾಗೆಂದು ಏಜೆಂಟೇ ಬೇಡ ಎನ್ನುವುದು ನೆಗಡಿಯಾದರೆ ಮೂಗು ಕೊಯ್ದುಕೊಂಡಂತೆ. ಬೇಕಾಗಿರುವುದು ಮಿತಿ. ಏಜೆಂಟಿಗೆ ಡೇಟಾಬೇಸ್‌ನ ಸರ್ವಾಧಿಕಾರ ಕೊಡುವುದು ಸುಲಭವಾದ್ದರಿಂದ ಅನೇಕರು ಹಾಗೆಯೇ ಮಾಡುತ್ತಾರೆ. ಅದರ ಅಗತ್ಯವಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 2017ರಲ್ಲಿ ಬಂದ 10ನೇ ಆವೃತ್ತಿಯಿಂದಲೇ ಅಂಕಿಅಂಶಗಳನ್ನಷ್ಟೇ ಓದಲು ಅವಕಾಶವಿರುವ ಪ್ರತ್ಯೇಕ ಪಾತ್ರವಿದೆ. ಮೈಎಸ್‌ಕ್ಯುಎಲ್‌ನಲ್ಲೂ ಅಂತಹ ಸೀಮಿತ ಅಧಿಕಾರಗಳನ್ನು ಆರಿಸಿ ಕೊಡಬಹುದು. ಏಜೆಂಟಿನ ಪಾಸ್‌ವರ್ಡ್ ಎಲ್ಲರೂ ಓದಬಹುದಾದ ಕಡತದಲ್ಲಿರಬಾರದು. ಅದು ನಿಗದಿತ ಕೇಂದ್ರ ಯಂತ್ರವೊಂದರೊಡನೆ ಮಾತ್ರ, ಅದೂ ಗೂಢಲಿಪಿಯಲ್ಲಿ ಮಾತಾಡಬೇಕು. ಹೊಸ ಆವೃತ್ತಿಯನ್ನು ಮೊದಲು ಪ್ರಾಯೋಗಿಕ ಸರ್ವರಿನಲ್ಲಿ, ಅನಂತರ ಒಂದು ಜಿಲ್ಲೆಯಲ್ಲಿ, ಆಮೇಲೆ ರಾಜ್ಯಕ್ಕೆ ಹರಡಬೇಕು. ಅದು ಬಳಸಬಹುದಾದ ಸ್ಮೃತಿಗೂ ಮೇಲ್ಮಿತಿಯಿರಬೇಕು.

ನಾಗರಿಕರ ಖಾಸಗಿತನದ ಪ್ರಶ್ನೆಯೂ ಇದೆ. ನೀರುಗಂಟಿ ನೀರಿನ ಮಟ್ಟ ನೋಡಬೇಕೇ ಹೊರತು ಯಾರ ಮನೆಯಲ್ಲಿ ಯಾವ ಅಡುಗೆ ಎಂದು ಇಣುಕಬಾರದು. ನಿಧಾನವಾಗಿ ನಡೆದ ವಿಚಾರಣೆಗಳನ್ನು ದಾಖಲಿಸುವ ಕಡತಗಳಲ್ಲಿ ವಿಚಾರಣೆಯ ಪೂರ್ಣ ಪಾಠವೇ ಇರುತ್ತದೆ. ಯಾವ ಹೆಸರು, ಯಾವ ಸರ್ವೆ ನಂಬರು, ಯಾವ ಪಡಿತರ ಚೀಟಿ ಎಂಬುದೂ ಅದರಲ್ಲಿ ಸೇರಿಕೊಳ್ಳುತ್ತದೆ. ಅದು ಹಾಗೆಯೇ ಕಣ್ಗಾವಲು ಕೇಂದ್ರಕ್ಕೆ, ಅಲ್ಲಿಂದ ಹೊರಗುತ್ತಿಗೆಯವರ ಪರದೆಗೆ ಹರಿದರೆ ಬಾಗಿಲು ಕಾಯಲು ಹೋಗಿ ಗೋಡೆ ಒಡೆದಂತಾಗುತ್ತದೆ. ಮೌಲ್ಯಗಳನ್ನು ತೆಗೆದುಹಾಕಿ ವಿಚಾರಣೆಯ ಸ್ವರೂಪವನ್ನಷ್ಟೇ ಎಣಿಸುವ ವಿಧಾನಗಳು ಲಭ್ಯವಿವೆ. ಅವುಗಳನ್ನೇ ಬಳಸಬೇಕೆಂಬ ಷರತ್ತು ಕಡ್ಡಾಯವಾಗಬೇಕು. ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಅಂಗೀಕರಿಸಿರುವಾಗ ಇದು ಸೌಜನ್ಯದ ಮಾತಲ್ಲ.

ಬೇಲಿಯೇ ಹೊಲ ಮೇಯ್ದರೆ

ಅರ್ಥಶಾಸ್ತ್ರದಲ್ಲಿಯೂ ‘ಏಜೆಂಟ್’ ಎಂಬ ಪದಕ್ಕೆ ಒಂದು ವಿಶೇಷ ಅರ್ಥವಿದೆ. ಒಬ್ಬರ ಪರವಾಗಿ ಇನ್ನೊಬ್ಬರು ಕೆಲಸ ಮಾಡುವಾಗ, ಕೆಲಸ ಮಾಡುವವನಿಗೆ ಇರುವ ಮಾಹಿತಿ ಮಾಡಿಸುವವನಿಗೆ ಇರುವುದಿಲ್ಲ. ಈ ಅಸಮಾನತೆಯಿಂದಲೇ ಸೋಮಾರಿತನವೂ ವಂಚನೆಯೂ ಹುಟ್ಟುತ್ತವೆ. ನಮ್ಮ ಸರ್ವರ್‌ಗಳ ನಿರ್ವಹಣೆ ಬಹುಮಟ್ಟಿಗೆ ಹೊರಗುತ್ತಿಗೆಯಲ್ಲಿದೆ. ಗುತ್ತಿಗೆ ಪತ್ರದಲ್ಲಿ ‘ವರ್ಷದಲ್ಲಿ ಶೇ 99ರಷ್ಟು ಸಮಯ ಸೇವೆ ಲಭ್ಯವಿರಬೇಕು, ತಪ್ಪಿದರೆ ದಂಡ’ ಎಂಬ ಷರತ್ತಿದ್ದರೂ ಆ ಶೇ 99ನ್ನು ಅಳೆಯುವವರು ಯಾರು? ಗುತ್ತಿಗೆದಾರನದೇ ಯಂತ್ರ, ಗುತ್ತಿಗೆದಾರನದೇ ವರದಿ ಆಗಿದ್ದರೆ ಅದು ಬೇಲಿಯೇ ಹೊಲ ಮೇಯ್ದಂತೆ.

ಆ ಶೇ 99 ಎಂಬುದೂ ಕಿವಿಗೆ ಇಂಪಾದಷ್ಟು ಸೊಗಸಾಗಿಲ್ಲ. ವರ್ಷಕ್ಕೆ 8,760 ಗಂಟೆಗಳು. ಅದರಲ್ಲಿ ಶೇ 1 ಎಂದರೆ 87.6 ಗಂಟೆ. ಕಚೇರಿಯ ದಿನವನ್ನು ಏಳು ಗಂಟೆಯೆಂದು ಹಿಡಿದರೆ ಹನ್ನೆರಡೂವರೆ ಕೆಲಸದ ದಿನಗಳು ಪೂರ್ತಿಯಾಗಿ ಸರ್ವರ್ ಮಲಗಿದ್ದರೂ ಷರತ್ತು ಪಾಲನೆಯಾದಂತೆಯೇ. ರಾತ್ರಿ ಎರಡು ಗಂಟೆಯ ಲಭ್ಯತೆಯಿಂದ ರೈತನಿಗೇನು ಪ್ರಯೋಜನ? ಕಚೇರಿ ವೇಳೆಯ ಲಭ್ಯತೆಯನ್ನು ಪ್ರತ್ಯೇಕವಾಗಿ ಅಳೆಯಬೇಕು. ಅದನ್ನು ದತ್ತಾಂಶ ಕೇಂದ್ರದೊಳಗೆ ಮಾತ್ರ ಅಳೆದರೂ ಸಾಲದು. ಸರ್ವರ್ ಎಚ್ಚರವಾಗಿದ್ದರೂ ನಡುವಿನ ಜಾಲ ಕಡಿದಿದ್ದರೆ ಕೌಂಟರಿನಲ್ಲಿ ಸಿಗುವ ಉತ್ತರ ಅದೇ ‘ನಾಳೆ ಬನ್ನಿ’. ಪ್ರತಿ ತಾಲ್ಲೂಕಿನ ಕೌಂಟರಿನಿಂದ ಐದು ನಿಮಿಷಕ್ಕೊಮ್ಮೆ ಒಂದು ಮಾದರಿ ಪಹಣಿಯನ್ನು ಯಂತ್ರವೇ ಕೇಳಿ ಪಡೆದು, ಎಷ್ಟು ಸೆಕೆಂಡಿನಲ್ಲಿ ಬಂತು ಎಂದು ಬರೆದಿಟ್ಟರೆ ಅದು ಸುಳ್ಳು ಹೇಳಲಾರದ ಸಾಕ್ಷಿ.

ಸಹಜ ಸ್ಥಿತಿಯ ಅಳತೆ ಕೈಯಲ್ಲಿದ್ದರೆ ಅಸಹಜವಾದದ್ದನ್ನು ಗುರುತಿಸುವುದೂ ಸಾಧ್ಯ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ-2.0 ತಂತ್ರಾಂಶ ನಿಧಾನಗೊಂಡು ನೋಂದಣಿಗೆ ಬಂದವರು ಪರದಾಡಿದಾಗ, ನಕಲಿ ಖಾತೆಗಳಿಂದ ಯಾಂತ್ರಿಕವಾಗಿ ಬೇಡಿಕೆಗಳ ಪ್ರವಾಹ ಹರಿಸಲಾಗಿದೆ ಎಂದು ಸರ್ಕಾರವೇ ತಿಳಿಸಿತ್ತು. ದಿನನಿತ್ಯದ ಬೇಡಿಕೆ ಎಷ್ಟೆಂದು ಗೊತ್ತಿದ್ದಾಗ ಮಾತ್ರ ಇಂದಿನ ಬೇಡಿಕೆ ಸಹಜವೋ ದಾಳಿಯೋ ಎಂದು ಹೇಳಬಹುದು. ಗಣಕ ಭದ್ರತೆಯ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ದಾಳಿ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು, 180 ದಿನಗಳ ದಾಖಲೆಗಳನ್ನು ಇಟ್ಟಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಆರು ಗಂಟೆಗಳ ಲೆಕ್ಕ ಶುರುವಾಗುವುದು ‘ಗಮನಕ್ಕೆ ಬಂದ’ ಮೇಲೆ. ಕಣ್ಣುಮುಚ್ಚಿ ಕುಳಿತವನಿಗೆ ಗಡಿಯಾರ ಓಡುವುದೇ ಇಲ್ಲ. ಕಣ್ಗಾವಲನ್ನು ಕಡ್ಡಾಯ ಮಾಡದ ನಿಯಮ ಕುರುಡನಿಗೆ ಬಹುಮಾನ ಕೊಟ್ಟಂತೆ.

ಹೊಣೆಗಾರಿಕೆಯ ವಿಷಯದಲ್ಲಿ ಖಾಸಗಿ ವಲಯಕ್ಕೂ ಸರ್ಕಾರಕ್ಕೂ ಇರುವ ತಾರತಮ್ಯವನ್ನು ಗಮನಿಸಿ. ಎಚ್‌ಡಿಎಫ್‌ಸಿ ಬ್ಯಾಂಕಿನ ಡಿಜಿಟಲ್ ಸೇವೆಗಳು ಪದೇ ಪದೇ ಸ್ಥಗಿತಗೊಂಡಾಗ ರಿಸರ್ವ್ ಬ್ಯಾಂಕ್ 2020ರ ಡಿಸೆಂಬರಿನಲ್ಲಿ ಹೊಸ ಡಿಜಿಟಲ್ ಯೋಜನೆಗಳನ್ನೂ ಹೊಸ ಕ್ರೆಡಿಟ್ ಕಾರ್ಡ್ ನೀಡಿಕೆಯನ್ನೂ ನಿಲ್ಲಿಸಲು ಆದೇಶಿಸಿತು. ಆ ನಿರ್ಬಂಧ ಸಂಪೂರ್ಣವಾಗಿ ತೆರವಾದದ್ದು 2022ರ ಮಾರ್ಚಿನಲ್ಲಿ. ದೇಶದ ದೊಡ್ಡ ಖಾಸಗಿ ಬ್ಯಾಂಕಿಗೇ ಹೀಗೆ ಕಿವಿ ಹಿಂಡುವ ನಿಯಂತ್ರಕನಿರುವಾಗ ಪಹಣಿಯ ಸರ್ವರ್ ಮಲಗಿದರೆ ಕಿವಿ ಹಿಂಡುವವರಾರು?

ಮಾಡಬೇಕಾದದ್ದು

ಉಪಾಯಗಳು ದೊಡ್ಡವಲ್ಲ. ಮೊದಲನೆಯದಾಗಿ, ನಾಗರಿಕ ಸೇವೆಗೆ ಸಂಬಂಧಿಸಿದ ಪ್ರತಿಯೊಂದು ಡೇಟಾಬೇಸ್ ಸರ್ವರಿನಲ್ಲೂ ಏಜೆಂಟ್ ಅಳವಡಿಕೆಯನ್ನು ಸರ್ಕಾರಿ ಆದೇಶದ ಮೂಲಕ ಕಡ್ಡಾಯಗೊಳಿಸಬೇಕು. ಯಾವ ಅಳತೆ, ಯಾವ ಗೆರೆ, ಯಾವ ಹುದ್ದೆಗೆ ಎಚ್ಚರಿಕೆ, ಎಷ್ಟು ನಿಮಿಷದಲ್ಲಿ ಸ್ಪಂದಿಸದಿದ್ದರೆ ಅದು ಯಾವ ಮೇಲಧಿಕಾರಿಗೆ ಹೋಗಬೇಕು ಎಂಬುದೆಲ್ಲ ಆ ಆದೇಶದ ಅನುಬಂಧದಲ್ಲಿರಲಿ. ಎರಡನೆಯದಾಗಿ, ಸರ್ವರ್ ನಿರ್ವಹಿಸುವ ಗುತ್ತಿಗೆದಾರನೇ ಅದರ ಲಭ್ಯತೆಯನ್ನು ಅಳೆಯುವಂತಿರಬಾರದು. ಆ ಕೆಲಸ ಬೇರೆ ಕೈಯಲ್ಲಿರಲಿ. ಮೂರನೆಯದಾಗಿ, ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ನಿಜವಾಗಿ ಮರುಸ್ಥಾಪಿಸಿ ನೋಡಬೇಕು. ಗ್ರಾಮಗಳ ಲೆಕ್ಕಪತ್ರ ಪರಿಶೀಲಿಸಲು ಜಮಾಬಂದಿ ನಡೆಸುವ ಪರಂಪರೆ ನಮ್ಮದು. ಸರ್ವರ್‌ಗಳಿಗೂ ಒಂದು ಜಮಾಬಂದಿ ಇರಲಿ, ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಪರಿಗಣಿಸದಿರಲಿ.

ನಾಲ್ಕನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಈ ಅಳತೆಗಳನ್ನು ಪ್ರತಿದಿನ ಸಾರ್ವಜನಿಕವಾಗಿ ಪ್ರಕಟಿಸಬೇಕು. ನಿನ್ನೆ ಯಾವ ತಾಲ್ಲೂಕಿನಲ್ಲಿ ಯಾವ ಸೇವೆ ಎಷ್ಟು ಗಂಟೆ ಇರಲಿಲ್ಲ, ಏಕೆ ಇರಲಿಲ್ಲ, ಈಗ ಇದೆಯೇ ಎಂಬುದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತಾಗಲಿ. ಆಗ ನಲವತ್ತು ಕಿಲೋಮೀಟರ್ ಪ್ರಯಾಣ ಮಾಡುವ ಮೊದಲು ರೈತ ವಿಚಾರಿಸಿಕೊಳ್ಳುತ್ತಾನೆ. ‘ಸರ್ವರ್ ಬಂದ ಕೂಡಲೇ ಹೇಳುತ್ತೇನೆ’ ಎಂದು ಕಾಸು ಕೀಳುವ ಹೊರಗಿನ ಏಜೆಂಟನ ಬಂಡವಾಳವೂ ಕರಗುತ್ತದೆ. ಸರ್ವರ್ ಸರಿಯಿದ್ದಾಗಲೂ ಇಲ್ಲವೆಂದು ಸಾಗಹಾಕುವ ಸಿಬ್ಬಂದಿಯ ಸುಳ್ಳೂ ಬಯಲಾಗುತ್ತದೆ. ಒಳಗಿನ ಏಜೆಂಟ್ ಪ್ರಾಮಾಣಿಕನಾದರೆ ಹೊರಗಿನ ಏಜೆಂಟನಿಗೆ ಕೆಲಸವಿರುವುದಿಲ್ಲ.

ಕೊನೆಯದಾಗಿ, 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ಕಾಯ್ದೆ ಸೇವೆ ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ನಾಗರಿಕನ ಹಕ್ಕಾಗಿಸಿತು. ಸರ್ವರ್ ಇಲ್ಲವೆಂದು ಅರ್ಜಿಯನ್ನೇ ಸ್ವೀಕರಿಸದಿದ್ದರೆ ಸಕಾಲದ ಸಂಖ್ಯೆ ಹುಟ್ಟುವುದಿಲ್ಲ, ಸಂಖ್ಯೆ ಹುಟ್ಟದಿದ್ದರೆ ವಿಳಂಬವೂ ಇಲ್ಲ. ಸರ್ವರ್ ಇಲ್ಲದ ದಿನ ಬಂದವರಿಗೆ ಕಾಗದದ ಮೇಲಾದರೂ ಒಂದು ಸ್ವೀಕೃತಿ ಕೊಟ್ಟು, ಅಂದಿನಿಂದಲೇ ಕಾಲ ಎಣಿಸಬೇಕು. ಮೊತ್ತ ಚಿಕ್ಕದಿರಬಹುದು. ಆದರೆ ಇದುವರೆಗೆ ಸರತಿಯಲ್ಲಿ ನಿಂತವರ ಜೇಬಿನಲ್ಲಿ ಅಡಗಿದ್ದ ವೆಚ್ಚ ಮೊದಲ ಬಾರಿಗೆ ಇಲಾಖೆಯ ಲೆಕ್ಕಪುಸ್ತಕಕ್ಕೆ ಬರುತ್ತದೆ. ಲೆಕ್ಕಕ್ಕೆ ಬಂದದ್ದಕ್ಕೆ ಮಾತ್ರ ಸರ್ಕಾರ ತಲೆ ಕೆಡಿಸಿಕೊಳ್ಳುತ್ತದೆ ಎಂಬುದು ನನ್ನ ಸೇವಾವಧಿಯ ಅನುಭವ.

ಹೊಸ ತಂತ್ರಾಂಶದ ಉದ್ಘಾಟನೆಗೆ ಸಚಿವರು ಬರುತ್ತಾರೆ, ದೀಪ ಹಚ್ಚುತ್ತಾರೆ, ಛಾಯಾಚಿತ್ರ ಪ್ರಕಟವಾಗುತ್ತದೆ. ಡಿಸ್ಕ್ ತುಂಬುವ ಮೊದಲೇ ಗಮನಿಸಿ ಜಾಗ ಮಾಡಿಕೊಟ್ಟವನ ಛಾಯಾಚಿತ್ರ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಏಕೆಂದರೆ ಅಂದು ಏನೂ ನಡೆದಿರುವುದಿಲ್ಲ. ಕೆರೆ ಕಟ್ಟಿಸಿದವರ ಹೆಸರು ಶಾಸನದಲ್ಲಿ ಸಿಗುತ್ತದೆ, ಮಳೆಯ ರಾತ್ರಿಗಳಲ್ಲಿ ಏರಿ ಕಾದ ನೀರುಗಂಟಿಯ ಹೆಸರು ಸಿಗುವುದಿಲ್ಲ. ಆದರೂ ನೂರಾರು ವರ್ಷ ಕೆರೆಗಳು ಉಳಿದುಬಂದದ್ದರಲ್ಲಿ ಅವನ ಪಾಲು ದೊಡ್ಡದು. ಅವನಿಗೆ ಊರು ಸುಗ್ಗಿಯಲ್ಲಿ ಧಾನ್ಯದ ಪಾಲು ಕೊಡುತ್ತಿತ್ತು. ನಾವು ನಮ್ಮ ಸರ್ವರ್‌ಗಳಿಗೆ ಕನಿಷ್ಠ ಒಬ್ಬ ನೀರುಗಂಟಿಯನ್ನು ನೇಮಿಸಿ, ಅವನ ಕೂಗಿಗೆ ಓಗೊಡುವ ಕಿವಿಯೊಂದನ್ನು ಇಟ್ಟುಕೊಳ್ಳಬಾರದೇ?